ಆಮೆಗೆ ಹತ್ತಕ್ಕೆ ಮೂರು

ಮೇ ೬, ಸೋಮವಾರ

ಇವತ್ತು ಬೆಳಿಗ್ಗೆಯೇ ಒಬ್ಬ ತಂದೆಯ ಕಣ್ಣಲ್ಲಿ ನೀರು ತರಿಸಿದೆ. ಮಗನಿಗೆ ಆ ದೊಡ್ಡ ವಿಶ್ವವಿದ್ಯಾಲಯದಲ್ಲಿ ಸೀಟು ಸಿಗುತ್ತದೆಯೇ ಎಂದು ಕೇಳಿದ. ಸಿಗುವುದಿಲ್ಲ ಎಂದೆ. ಮಾತಿಗೆ ಬೆಲ್ಲ ಸವರುವುದು ನನಗೆ ಬಾರದು. ಬೆಲ್ಲ ಸವರುವವರು ಬೇಕಾದಷ್ಟಿದ್ದಾರೆ: ಬಣ್ಣದ ಬೋರ್ಡು, ಮೆತ್ತನೆ ಕುರ್ಚಿ, 'ನಿಮ್ಮ ಮಗುವಿಗೆ ಖಂಡಿತ ಆಗುತ್ತೆ' ಅನ್ನುವ ನಗು. ದುಡಿಯುವವರ ಮಕ್ಕಳಿಗೆ ಸುಳ್ಳು ಆಸೆ ಹಂಚುವುದು ಹಾಡಹಗಲ ಕಳ್ಳತನ. ಆ ಕೋಚಿಂಗ್ ಅಂಗಡಿಗಳ ಮುಖಕ್ಕೆ ಹೊಡೆದ ಹಾಗೆ ನಾನೂ ರಿಟೈರಾದ ಲೆಕ್ಕದ ಮೇಷ್ಟ್ರೂ ಗಿರಣಿ ಕಾರ್ಮಿಕರ ಸಂಘದ ಓದುಮನೆಯಲ್ಲಿ ಒಂದು ಮೇಜು ಹಾಕಿಕೊಂಡು ಕೂತಿದ್ದೇವೆ. ಯಾರು ಬಂದರೂ ನಿಜ ಹೇಳುತ್ತೇವೆ. ಜನ ನನಗೆ ಕತ್ತರಿ ಎಂದು ಹೆಸರಿಟ್ಟಿದ್ದಾರೆ. ಇಡಲಿ.

ನಮ್ಮದೊಂದು ಪದ್ಧತಿ. ಮಗುವಿನ ಅಂಕ ನೋಡುತ್ತೇವೆ, ಹೋದ ವರ್ಷಗಳಲ್ಲಿ ಯಾರು ಒಳಗೆ ಹೋದರು ನೋಡುತ್ತೇವೆ, ಮಾತಾಡಿಸುತ್ತೇವೆ. ಆಮೇಲೆ ಇಬ್ಬರೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮೇಷ್ಟ್ರು 'ಹೂಂ' ಎಂದೊಡನೆ ಒಟ್ಟಿಗೇ ಬೆರಳು ತೋರಿಸುತ್ತೇವೆ. ಹತ್ತಕ್ಕೆ ಎಷ್ಟು ಎಂದು. ಒಬ್ಬರ ಬೆರಳು ನೋಡಿ ಇನ್ನೊಬ್ಬರು ಬೆರಳು ಮಡಚಬಾರದು, ಅದಕ್ಕೆ.

ಮಧ್ಯಾಹ್ನ ನನ್ನ ತಮ್ಮ ಬಂದ. ಬಸ್ ಡಿಪೋದಿಂದ ನೇರ ಬಂದವನು, ಉಗುರು ಸಂದಿನಲ್ಲಿ ಗ್ರೀಸು. ಬೆನ್ನಿಗೆ ಮಗಳು. ಆ ವಿಶ್ವವಿದ್ಯಾಲಯದ ಲಿಖಿತ ಪರೀಕ್ಷೆಯಲ್ಲಿ ಇವಳು ಹೇಗೋ ಗೀಟು ದಾಟಿದ್ದಾಳೆ, ಸಂದರ್ಶನಕ್ಕೆ ಕರೆದಿದ್ದಾರೆ. ಕರೆದವರಲ್ಲೇ ಕೊನೆಯ ಸಾಲಿನವಳು.

"ಅಕ್ಕ, ಇನ್ನೊಂದು ಕಡೆ ಲ್ಯಾಬ್ ಟೆಕ್ನಿಷಿಯನ್ ಕೋರ್ಸಲ್ಲಿ ಸೀಟು ಸಿಕ್ಕಿದೆ. ಹದಿನೈದರೊಳಗೆ ಹೂಂ ಅನ್ನದಿದ್ರೆ ಅದು ಬೇರೆಯವರ ಪಾಲು. ನೀನು ಹೇಳು. ಇವಳಿಗೆ ಅಲ್ಲಿ ಆಗುತ್ತೆ ಅಂದ್ರೆ ಇದನ್ನ ಬಿಡ್ತೀನಿ. ಆಗಲ್ಲ ಅಂದ್ರೆ ನಾಳೆನೇ ಸೇರಿಸ್ತೀನಿ."

ಮನೆಯವರಿಗೆ ಮನೆಯವರು ಬೆರಳೆತ್ತಬಾರದು ಎಂದೆ. ಮೇಷ್ಟ್ರು ನಕ್ಕರು. "ಕತ್ತರಿಗೆಲ್ಲಿಯ ನೆಂಟಸ್ತಿಕೆ? ಎತ್ತಮ್ಮ."

ಈ ಹುಡುಗಿಯನ್ನು ಶಾಲೆಯಲ್ಲಿ ಆಮೆ ಎನ್ನುತ್ತಿದ್ದರು. ಈಗ ಮನೆಯಲ್ಲೂ ಅದೇ. ಪರೀಕ್ಷೆಯಲ್ಲಿ ಒಂದು ಪ್ರಶ್ನೆಗೆ ಮನಸ್ಸು ಸಿಕ್ಕಿಕೊಂಡರೆ ಗಂಟೆ ಹೊಡೆಯುವವರೆಗೂ ಅದೇ. ಉಳಿದ ಹಾಳೆ ಬಿಳಿ. ಮೇಷ್ಟ್ರು ಏನೋ ಲೆಕ್ಕ ಕೇಳಿದರು. ಅವಳು ಕಿಟಕಿಯ ಕಡೆ ನೋಡುತ್ತಾ ಕೂತಳು. ಇನ್ನೊಂದು ಮನೆಯವರು ಬಂದು ಕಾದರು, ಕೆಮ್ಮಿದರು, ಎದ್ದು ಹೋದರು. ಆಮೇಲೆ ಉತ್ತರ ಹೇಳಿದಳು. ಸರಿಯಾಗಿತ್ತು. ಸಂದರ್ಶನದಲ್ಲಿ ಯಾವನು ಕಾಯುತ್ತಾನೆ?

ನಾನು ಮೂರು ಬೆರಳು. ಮೇಷ್ಟ್ರೂ ಮೂರು.

ತಮ್ಮನ ಮುಖ ಇಳಿಯಿತು. ಹುಡುಗಿಯ ಮುಖ ಹೇಗಿತ್ತೋ ಹಾಗೇ ಇತ್ತು. "ಕೊನೆ ದಿನದವರೆಗೂ ನನ್ನ ಹತ್ರ ಬಿಟ್ಟಿರು, ಬಾಯಿ ತೆರೆಸ್ತೀನಿ," ಎಂದೆ. ಸಂದರ್ಶನ ಅಂದರೆ ಭಾಷಣ. ಭಾಷಣ ಕಲಿಸುವುದು ನನಗೆ ನೀರು ಕುಡಿದಷ್ಟು ಸುಲಭ.

ಮೇ ೮, ಬುಧವಾರ

ಮೈ ಉರಿಯುತ್ತಿದೆ.

ಇವಳ ತಾಯಿ, ನನ್ನ ತಮ್ಮನ ಹೆಂಡತಿ, ನೂಲಿನ ಗಿರಣಿಯಲ್ಲಿ ಹತ್ತಿಯ ಧೂಳು ಕುಡಿದು ಕುಡಿದು ಸತ್ತವಳು. ಆ ಶೆಡ್ಡಿಗೆ ಒಂದು ಕಿಟಕಿ ಇರಲಿಲ್ಲ. ಕಿಟಕಿ ಕೊಡಿ ಎಂದು ಮುಷ್ಕರ ಹೂಡಿದವಳು ನಾನು. ಅದನ್ನೆಲ್ಲ ಬರೆದು, ಬೆಂಕಿ ಹತ್ತುವ ಹಾಗೆ ಬರೆದು, ಇವಳ ಕೈಗೆ ಕೊಟ್ಟೆ. 'ನಿನ್ನ ಬಗ್ಗೆ ಹೇಳು' ಎಂದು ಅವರು ಕೇಳೇ ಕೇಳುತ್ತಾರೆ. ಆಗ ಇದನ್ನು ಅವರ ಮೇಜಿನ ಮೇಲೆ ಅಪ್ಪಳಿಸಬೇಕು. ಆ ಮೆತ್ತನೆ ಕುರ್ಚಿಗಳು ನಡುಗಬೇಕು.

ಓದಿದಳು. ನಿಧಾನ ಓದಿದಳು. ಮಡಚಿ ವಾಪಸು ಕೊಟ್ಟಳು.

"ಚೆನ್ನಾಗಿದೆ ಅತ್ತೆ. ಆದ್ರೆ ಇದು ನಿಮ್ಮದು."

"ನಿನ್ನ ತಾಯಿದು ಕಣೇ!"

"ಅಮ್ಮಂದೂ ಅಲ್ಲ. ಅಮ್ಮ ಗಿರಣಿ ಸುದ್ದಿನ ಮನೆ ಒಳಗೆ ತರ್ತಾನೇ ಇರಲಿಲ್ಲ. ಬಂದು ಕಾಲು ಚಾಚಿ ಕೂತು, ಏನೇ, ಇವತ್ತು ಏನು ನೋಡಿದೆ ಅಂತ ಕೇಳ್ತಿದ್ಲು. ನಾನು ಹೇಳ್ಬೇಕಿತ್ತು. ಏನೂ ನೋಡಿಲ್ಲ ಅಂದ್ರೆ ಬೇಜಾರು ಮಾಡ್ಕೊಳ್ತಿದ್ಲು."

"ಅದನ್ನೇ ಹೇಳು ಮತ್ತೆ. ಅಳು ಬಂದ್ರೆ ಅಳು."

"ಅಮ್ಮನ್ನ ಮುಂದಿಟ್ಕೊಂಡು ಸೀಟು ಕೇಳಲ್ಲ ಅತ್ತೆ."

ಮೈಕು ಹಿಡಿದು ಕೂದಲು ಬಿಳಿಯಾದವಳಿಗೆ ಈ ಮೂಗುಬಟ್ಟಿನಷ್ಟು ಹುಡುಗಿ ಹೀಗೆ ಹೇಳಿದಳು. ನೋವನ್ನು ಬಾಯಿಬಿಟ್ಟು ಹೇಳುವ ಹಕ್ಕಿಗಾಗಿ ನಾವು ಲಾಠಿ ತಿಂದಿದ್ದೇವೆ. ಇವಳಿಗೆ ಅದು ಬೇಡವಂತೆ. ಮೂರು ಬೆರಳು ಜಾಸ್ತಿಯೇ ಆಯಿತು.

ಮೇ ೧೧, ಶನಿವಾರ

ಪಾತ್ರೆ ತೊಳೆಯಲು ಹೋದವಳು ಅರ್ಧ ದಿನವಾದರೂ ಬರಲಿಲ್ಲ. ಹೋಗಿ ನೋಡಿದರೆ ಪಾತ್ರೆಗಳೆಲ್ಲ ಹಾಗೇ ಬಿದ್ದಿವೆ. ಇವಳು ಬಚ್ಚಲ ಕಟ್ಟೆಯ ಮೇಲೆ ಕುಕ್ಕರಗಾಲಲ್ಲಿ ಕೂತು, ನಮ್ಮ ದೊಡ್ಡ ಮೆರವಣಿಗೆಯ ಫೋಟೊ ಇದೆಯಲ್ಲ, ಅದರ ಗಾಜನ್ನೂ ಪಕ್ಕದ ಫೋಟೊದ ಗಾಜನ್ನೂ ಬಿಚ್ಚಿಕೊಂಡು, ನಡುವೆ ಸೋಪಿನ ನೊರೆ ತುಂಬಿ ಬೆಳಕಿಗೆ ಹಿಡಿದಿದ್ದಾಳೆ!

"ಅದೇನು ಆಟದ ಸಾಮಾನೇನೇ? ಆ ಮೆರವಣಿಗೇಲಿ ತಲೆ ಒಡಕೊಂಡವರಿದಾರೆ!"

"ಫೋಟೊ ಒರೆಸಿ ಒಣಗಕ್ಕೆ ಇಟ್ಟಿದೀನಿ ಅತ್ತೆ. ಇಲ್ಲಿ ನೋಡಿ. ಗೋಡೆಗಳು ಎಲ್ಲಿ ಸೇರ್ತವೆ ನೋಡಿ."

ಬೈಯುವುದಕ್ಕೆಂದೇ ಬಗ್ಗಿದೆ. ಗಾಜುಗಳ ನಡುವೆ ಒತ್ತಿಕೊಂಡ ಗುಳ್ಳೆಗಳು ಒಂದಕ್ಕೊಂದು ತಾಗಿ, ಒಂದು ಊರಿನ ನಕ್ಷೆಯ ಹಾಗೆ ಹರಡಿದ್ದವು. ಗುಳ್ಳೆಗೂ ಗುಳ್ಳೆಗೂ ನಡುವೆ ಕೂದಲೆಳೆಯಷ್ಟು ಗೋಡೆ.

"ಒಂದು ಚುಕ್ಕೇಲಿ ಎಷ್ಟು ಗೋಡೆ ಸೇರ್ತಿವೆ?"

"ಮೂರು."

"ಇನ್ನೊಂದು ಕಡೆ?"

"ಮೂರು."

"ನಾಲ್ಕು ಸೇರಿರೋದು ಒಂದು ತೋರಿಸಿ."

ಅದೇನು ಮಹಾ ಎಂದು ಹುಡುಕಿದೆ. ಕನ್ನಡಕ ತಂದು ಹುಡುಕಿದೆ. ಎಲ್ಲಿ ನೋಡಿದರೂ ಮೂರೇ. ಮೂರೂ ಒಂದೇ ಓರೆಯಲ್ಲಿ, ಅಳತೆ ಹಿಡಿದು ಕತ್ತರಿಸಿದ ಹಾಗೆ. ಅಷ್ಟರಲ್ಲಿ ಒಂದು ಕಡೆ ಪುಟ್ಟ ಗೋಡೆಯೊಂದು ಸಣ್ಣದಾಗುತ್ತಾ ಬಂತು, ನಾಲ್ಕು ಗೋಡೆ ಒಂದೇ ಚುಕ್ಕೆಗೆ ಬಂದವು. ಸಿಕ್ಕಿತು ಎಂದು ಕೂಗಿದೆ. ಕೂಗು ಬಾಯಲ್ಲಿರುವಾಗಲೇ ಅವು ಜಾರಿ ಎರಡು ಕಡೆ ಮೂರು ಮೂರಾಗಿ ನಿಂತುಬಿಟ್ಟವು. ಮೈ ಜುಮ್ಮೆಂದಿತು. ಯಾರೋ ಒಳಗೆ ಕೂತು 'ಇಲ್ಲ, ಮೂರೇ' ಎಂದು ಹಟ ಹಿಡಿದ ಹಾಗೆ.

ಹುಟ್ಟಿದಾಗಿನಿಂದ ಪಾತ್ರೆ ತೊಳೆದಿದ್ದೇನೆ. ನೊರೆ ನೋಡಿರಲಿಲ್ಲ.

ಪಾತ್ರೆ ಕೊನೆಗೆ ನಾನೇ ತೊಳೆದೆ. ಬೈದೆನೋ ಇಲ್ಲವೋ ನೆನಪಿಲ್ಲ.

ಮೇ ೧೨, ಭಾನುವಾರ

ನಾಲ್ಕು ಸಿಗಲಿಲ್ಲ.

ಮೇ ೧೩, ಸೋಮವಾರ

ಆಮೆಯನ್ನೂ ಗಾಜನ್ನೂ ಓದುಮನೆಗೆ ಎಳೆದುಕೊಂಡು ಹೋದೆ. ಮೇಷ್ಟ್ರಿಗೆ ತೋರಿಸಿದರೆ ಅವರು, "ಇದು ಗೊತ್ತಿರೋದೇ. ಎಂದೋ ಬರೆದಿಟ್ಟಿದಾರೆ," ಎಂದುಬಿಟ್ಟರು. ನನ್ನ ಮುಖಕ್ಕೆ ತಣ್ಣೀರು. ಹುಡುಗಿಗೆ ಮಾತ್ರ ಖುಷಿ. "ಹೌದಾ? ಹಾಗಾದ್ರೆ ನಾನು ನೋಡಿದ್ದು ಸರಿ!"

"ಮತ್ತೇನು ನೋಡಿದೀಯ?" ಎಂದರು ಮೇಷ್ಟ್ರು. ಹಿಂದಿನ ದಿನ ಹಚ್ಚಿಟ್ಟ ಗಾಜನ್ನು ಮುಂದಿಟ್ಟಳು. ನೊರೆ ಬೇಗ ಒಡೆಯದಿರಲಿ ಎಂದು ಸೋಪಿನ ನೀರಿಗೆ ಚೂರು ಸಕ್ಕರೆ ಹಾಕಿದ್ದಳಂತೆ. ಗುಳ್ಳೆಗಳು ಕಡಿಮೆಯಾಗಿದ್ದವು, ಉಳಿದವು ಉಬ್ಬಿದ್ದವು.

"ಕೆಲವು ಬೆಳೀತವೆ, ಕೆಲವು ಕುಗ್ಗಿ ಮಾಯ ಆಗ್ತವೆ. ಯಾವುದು ಬೆಳೆಯುತ್ತೆ ಅಂತ ಮೊದಲೇ ಹೇಳ್ಬಹುದು."

ನಾನು ಬಿಡುತ್ತೇನೆಯೇ? "ಇದಕ್ಕೆ ಇಷ್ಟು ಒದ್ದಾಟ ಯಾಕೆ? ದೊಡ್ಡದು ಸಣ್ಣದನ್ನ ನುಂಗುತ್ತೆ. ಲೋಕವೇ ಹಾಗಿದೆ!"

"ಅಲ್ಲ ಅತ್ತೆ. ದೊಡ್ಡದು ಸಣ್ಣದು ಅಲ್ಲ. ನೆರೆಯವರು ಎಷ್ಟು ಅನ್ನೋದು. ಒಂದು ಗುಳ್ಳೆಗೆ ಆರು ನೆರೆ ಇದ್ರೆ ಅದು ಹಾಗೇ ಇರುತ್ತೆ. ಆರಕ್ಕಿಂತ ಕಡಿಮೆ ಇದ್ರೆ ಕುಗ್ಗುತ್ತೆ, ಎಷ್ಟೇ ದೊಡ್ಡದಾಗಿದ್ರೂ. ಜಾಸ್ತಿ ಇದ್ರೆ ಬೆಳೆಯುತ್ತೆ."

ನಾನು ಜೀವಮಾನವಿಡೀ ಗಿರಣಿ ಗೇಟಿನ ಮುಂದೆ ಕೂಗಿದ್ದು ಇದನ್ನೇ ಅಲ್ಲವೇ! ನೆರೆಯವರಿದ್ದರೆ ಬದುಕುತ್ತೀರಿ, ಒಂಟಿಯಾದರೆ ಅಳಿಯುತ್ತೀರಿ! ಎದ್ದು ನಿಂತೇಬಿಟ್ಟೆ. "ಸಂದರ್ಶನದಲ್ಲಿ ಇದನ್ನೇ ಹೇಳು! ಒಗ್ಗಟ್ಟಿನ ಪಾಠವನ್ನ ನಿಸರ್ಗವೇ..."

"ಅತ್ತೆ, ಕೂತ್ಕೊಳ್ಳಿ. ಅದು ಬರೀ ಗುಳ್ಳೆ."

ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ನಕ್ಕಮೇಲೆ ಮತ್ತೆ ಗಾಜಿನ ಕಡೆ ನೋಡಿದೆ. ಬರೀ ಗುಳ್ಳೆ. ನಿಜ. ಯಾರ ಪರವೂ ಅಲ್ಲ, ಯಾರ ವಿರುದ್ಧವೂ ಅಲ್ಲ. ಅದಕ್ಕೇ ಇನ್ನಷ್ಟು ಭಯಂಕರವಾಗಿ ಕಂಡಿತು, ಇನ್ನಷ್ಟು ಚೆಂದವಾಗಿ.

"ಇದೂ ಗೊತ್ತಿರೋದೇನಾ ಮೇಷ್ಟ್ರೇ?"

"ಗೊತ್ತಿರೋದೇ. ಇವಳಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ." ಕನ್ನಡಕ ತೆಗೆದು ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು.

ಮತ್ತೊಮ್ಮೆ ಬೆರಳೆತ್ತೋಣ ಎಂದೆ. ಹೂಂ. ಅವರದು ಮೂರು. ನನ್ನದೂ ಮೂರು.

"ಸೀಟು ಕೊಡೋದು ಸೋಪಲ್ಲ ಕಣಮ್ಮ," ಎಂದರು. ಹೌದು. ಕೊನೆಯ ಸಾಲಿನ ಅಂಕ, ಬಾಯಿ ಬಿಡದ ಹುಡುಗಿ, ಮುಗಿದುಹೋಗುವ ಸಂದರ್ಶನ. ಲೆಕ್ಕ ಲೆಕ್ಕವೇ. ನನ್ನ ಬೆರಳುಗಳ ಮೇಲೆಯೇ ನನಗೆ ಸಿಟ್ಟು ಬಂತು.

ಮೇ ೧೪, ಮಂಗಳವಾರ

ತಮ್ಮ ಬಂದ. ನಾಳೆಯೇ ಕೊನೆಯ ದಿನ. ಹುಡುಗಿ ಮಹಡಿಯ ಮೇಲೆ ಒಣಹಾಕಿದ ಬಟ್ಟೆ ತರಲು ಹೋಗಿದ್ದಳು. ಅಂದರೆ ಇನ್ನು ಸದ್ಯಕ್ಕೆ ಬರುವುದಿಲ್ಲ.

"ಎಷ್ಟಾಯ್ತಕ್ಕ ಈಗ?"

"ಮೂರೇ."

"ಮತ್ತೆ ಆ ಸೀಟಿಗೆ ಹೂಂ ಅಂತೀನಿ."

"ಬೇಡ," ಎಂದೆ. ಬಾಯಿಂದ ಬಂದೇಬಿಟ್ಟಿತು.

"ಮೂರು ಅಂತೀಯ, ಬೇಡ ಅಂತೀಯ! ಊರವರ ಮಕ್ಕಳನ್ನೆಲ್ಲ ಮೂರಕ್ಕೆ ಮನೆಗೆ ಕಳಿಸ್ತೀಯ. ಇವಳಿಗೆ ಮಾತ್ರ ಬೇರೆ ನ್ಯಾಯಾನಾ?"

ಇದ್ದದ್ದನ್ನು ಹೇಳಿದೆ. "ನನಗೆ ಇವಳನ್ನ ಅಳೆಯಕ್ಕೆ ಬರ್ತಿಲ್ಲ ಕಣೋ. ಅವರು ಏನು ಮಾಡ್ತಾರೆ ಅಂತ ಹೇಳ್ಬಲ್ಲೆ, ಮೂರು. ಇವಳು ಏನು ಅಂತ ಹೇಳಕ್ಕೆ ನನ್ನ ಕೈಲಿ ಬೆರಳಿಲ್ಲ. ಮೂರಕ್ಕೆ ಒಂದು ವರ್ಷ ಪಣ ಇಡು ಅಂತ ಹೇಳೋ ಅಧಿಕಾರಾನೂ ನನಗಿಲ್ಲ."

ತಮ್ಮ ಗ್ರೀಸಿನ ಉಗುರು ಕೆರೆಯುತ್ತಾ ಕೂತ. ಆಮೇಲೆ ಕೇಳಿದ. "ಕಿಟಕಿ ಬೇಕು ಅಂತ ಮುಷ್ಕರ ಮಾಡಿದಾಗ, ಗೆಲ್ಲೋದು ಹತ್ತಕ್ಕೆ ಎಷ್ಟು ಅಂತ ಹೇಳಿದ್ಯಾ?"

"ಇಲ್ಲ."

"ನಾವು ಕೇಳಿದ್ವಾ?"

"ಇಲ್ಲ."

"ಕೊನೆಗೆ ಎಷ್ಟು ಕಿಟಕಿ ಕೊಟ್ರು?"

"ಎರಡು. ಇಡೀ ಶೆಡ್ಡಿಗೆ ಎರಡು. ಸೋತ್ವಿ."

"ನೀನು ಸೋತೆ ಅಂತೀಯ. ಇವಳಮ್ಮ ಒಂದು ಕಿಟಕಿ ಪಕ್ಕದ ಯಂತ್ರ ಕೇಳಿ ಹಾಕಿಸ್ಕೊಂಡ್ಲು. ಆಮೇಲೂ ಸುಮಾರು ವರ್ಷ ಇದ್ಲಲ್ಲಕ್ಕ. ಆಮೆ ಮಾತು ಕಲಿತಿದ್ದು ಆಗ. ಇವತ್ತು ಏನು ನೋಡಿದೆ ಅಂತ ಕೇಳ್ತಿದ್ದಿದ್ದು ಆಗ." ಎದ್ದು ಚಪ್ಪಲಿ ಮೆಟ್ಟಿದ. "ಆ ಸೀಟು ಹೋದ್ರೆ ಹೋಗ್ಲಿ ಬಿಡು."

ನನ್ನ ಸೋಲನ್ನು ಇಷ್ಟು ವರ್ಷ ಇವನು ಹೀಗೆ ಎತ್ತಿಟ್ಟುಕೊಂಡಿದ್ದನೇ?

ಹುಡುಗಿ ಬಟ್ಟೆ ಮರೆತು ಬರಿಗೈಯಲ್ಲಿ ಕೆಳಗೆ ಬಂದಳು. ಹಗ್ಗ ಯಾಕೆ ನಡುವೆಯೇ ಜೋತುಬೀಳುತ್ತದೆ ಎಂದು ಕೇಳಿದಳು.

ಮೇ ೨೨, ಬುಧವಾರ

ಕ್ರಮವಾಗಿ ಬರೆಯುತ್ತೇನೆ.

ವಿಶ್ವವಿದ್ಯಾಲಯದ ಕಾಯುವ ಕೋಣೆಯಲ್ಲಿ ಮಕ್ಕಳೆಲ್ಲ ಬಾಯಲ್ಲಿ ಮಣಮಣ ಅನ್ನುತ್ತಿದ್ದರು. ಹೊಸ ಬೂಟು, ಇಸ್ತ್ರಿ ಮುರಿಯದ ಅಂಗಿ. ಆಮೆ ನೆಲದ ಹಾಸುಗಲ್ಲು ನೋಡುತ್ತಿದ್ದಳು. ಕರೆದರು, ಹೋದಳು, ಬಂದಳು.

"ಏನು ಕೇಳಿದ್ರು?"

"ಕನ್ನಡಿ ಎಡ ಬಲ ಅದಲು ಬದಲು ಮಾಡುತ್ತೆ, ಮೇಲೆ ಕೆಳಗೆ ಯಾಕೆ ಮಾಡಲ್ಲ ಅಂತ."

"ನೀನೇನಂದೆ?"

"ಗೊತ್ತಿಲ್ಲ, ಯೋಚನೆ ಮಾಡ್ಬೇಕು ಅಂದೆ. ಮಾಡು ಅಂದ್ರು. ಮಾಡ್ತಾ ಕೂತೆ. ಟೈಮಾಯ್ತು ಅಂದ್ರು."

"ಏನೂ ಹೇಳಲೇ ಇಲ್ವಾ?"

"ನಮಸ್ಕಾರ ಅಂದೆ."

ಇಡೀ ಸಂದರ್ಶನ ಬಾಯಿಗೆ ಬೀಗ! ಇದಕ್ಕಾಗಿ ನನ್ನ ತಮ್ಮ ಕೈಯಲ್ಲಿದ್ದ ಸೀಟು ಬಿಟ್ಟ. ನನ್ನ ಮಾತಿನಿಂದ ಬಿಟ್ಟ. ಬಸ್ಸು ಹತ್ತಿದೆವು. ಡ್ರೈವರನ ಹಿಂದಿನ ಸೀಟು. ನಾನು ಅವಳ ಕಡೆ ನೋಡಲಿಲ್ಲ.

ಇದ್ದಕ್ಕಿದ್ದಂತೆ ಎದ್ದು ಹೋಗಿ, ಡ್ರೈವರನ ತಲೆಯ ಮೇಲಿನ ಕನ್ನಡಿಗೆ ಟಿಕೆಟ್ಟನ್ನು ಎತ್ತಿ ಹಿಡಿದಳು. "ಏಯ್, ಕೂತ್ಕೊಳಮ್ಮ!" ಎಂದು ಅವನು ರೇಗಿದ. ಇವಳಿಗೆ ಎಲ್ಲಿ ಕೇಳುತ್ತದೆ?

"ಅತ್ತೆ! ಕನ್ನಡಿ ಮಾಡ್ತಿಲ್ಲ, ನಾವು ಮಾಡ್ತಿರೋದು! ಚೀಟಿ ನನ್ನ ಕಡೆ ಮುಖ ಮಾಡಿದೆ. ಅದನ್ನ ಕನ್ನಡಿ ಕಡೆ ತೋರಿಸಕ್ಕೆ ಬಾಗಿಲ ಥರ ಪಕ್ಕಕ್ಕೆ ತಿರುಗಿಸ್ತೀನಿ. ಎಡ ಬಲ ಆಗ್ಲೇ ಬದಲಾಯ್ತು, ನನ್ನ ಕೈಯಲ್ಲೇ. ಈಗ ನೋಡಿ, ಪಕ್ಕಕ್ಕೆ ತಿರುಗಿಸೋದಿಲ್ಲ, ಪೆಟ್ಟಿಗೆ ಮುಚ್ಚಳದ ಥರ ಎತ್ತಿ ಮಗುಚ್ತೀನಿ."

ಕನ್ನಡಿಯಲ್ಲಿ ಅಕ್ಷರಗಳು ತಲೆಕೆಳಗಾಗಿದ್ದವು. ಎಡ ಎಡಕ್ಕೇ, ಬಲ ಬಲಕ್ಕೇ ಇತ್ತು. ನನ್ನ ಟಿಕೆಟ್ಟನ್ನೂ ಹಿಡಿದು ನೋಡಿದೆ. ಬಾಗಿಲ ಥರ. ಮುಚ್ಚಳದ ಥರ. ಡ್ರೈವರನೂ ನೋಡಿದ. "ಹೌದಲ್ಲ!" ಎಂದ. ದಿನವಿಡೀ ಕನ್ನಡಿ ನೋಡುವ ಮನುಷ್ಯ.

"ಬಸ್ಸು ನಿಲ್ಸಿ," ಎಂದೆ.

ವಾಪಸು ಹೋದಾಗ ಗೇಟು ಮುಚ್ಚುತ್ತಿತ್ತು. ಇವತ್ತಿನದು ಮುಗೀತು ಎಂದ ಕಾವಲುಗಾರ. ನನಗೆ ಗೊತ್ತಿರುವ ವಿದ್ಯೆ ಒಂದೇ. ಸೆರಗು ಬಿಗಿದು ಮೆಟ್ಟಿಲ ಮೇಲೆ ಕೂತೆ. ಎಬ್ಬಿಸು ನೋಡೋಣ ಎಂದೆ. ಅವನು ಒಳಗೆ ಓಡಿದ. ಸಂದರ್ಶನ ಮಾಡಿದವರಲ್ಲಿ ಒಬ್ಬ ಹೆಂಗಸು, ಪ್ರೊಫೆಸರ್, ಸ್ಕೂಟರಿನ ಕೀಲಿ ಹಿಡಿದು ಹೊರಗೆ ಬಂದಳು.

"ಏನಮ್ಮ ಇದು?"

"ಧರಣಿ."

"ಯಾವುದಕ್ಕೆ?"

"ಈ ಹುಡುಗಿಗೆ ಉತ್ತರ ಸಿಕ್ಕಿದೆ. ಕೇಳಿಸ್ಕೊಳ್ಳಿ. ಅಷ್ಟೇ ಬೇಡಿಕೆ."

"ಅಂಕ ಹಾಕಿ ಮುಚ್ಚಿ ಕಳಿಸಾಯ್ತು. ಈಗ ಏನು ಹೇಳಿದ್ರೂ ಒಂದಂಕವೂ ಬದಲಾಗಲ್ಲ."

"ಅಂಕ ಯಾರು ಕೇಳಿದ್ರು?" ಎಂದೆ. ಯಾಕೆ ಹಾಗೆಂದೆನೋ.

ಆಮೆ ಸ್ಕೂಟರಿನ ಕನ್ನಡಿಯನ್ನು ತಿರುಗಿಸಿಕೊಂಡು ಟಿಕೆಟ್ಟು ಹಿಡಿದಳು. ಬಾಗಿಲು, ಮುಚ್ಚಳ. ಪ್ರೊಫೆಸರ್ ಕೇಳಿಸಿಕೊಂಡಳು. ಮುಗಿದ ಮೇಲೆ ಶಹಭಾಸ್ ಎನ್ನಲಿಲ್ಲ. ಇನ್ನೊಂದು ಪ್ರಶ್ನೆ ಕೇಳಿದಳು. ಆ ಪ್ರಶ್ನೆಯೇ ನನ್ನ ತಲೆಗೆ ಹತ್ತಲಿಲ್ಲ.

"ಗೊತ್ತಿಲ್ಲ. ಯೋಚನೆ ಮಾಡ್ಬೇಕು," ಎಂದಳು ಇವಳು.

"ಮಾಡು. ನನಗೂ ಪೂರ್ತಿ ಗೊತ್ತಿಲ್ಲ," ಎಂದು ಪ್ರೊಫೆಸರ್ ಚೀಲ ಇಳಿಸಿ ಪಕ್ಕದ ಮೆಟ್ಟಿಲ ಮೇಲೆ ಕೂತಳು.

ಇಬ್ಬರೂ ಸುಮ್ಮನೆ ಕೂತರು. ಒಬ್ಬಳು ಮರದ ಕಡೆ ನೋಡುತ್ತಾ, ಒಬ್ಬಳು ನೆಲದ ಕಡೆ ನೋಡುತ್ತಾ. ಕಾವಲುಗಾರ ಬೀಗದ ಗೊಂಚಲನ್ನು ಸದ್ದಾಗದಂತೆ ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತ. ನಾನು ಬಾಯಿಗೆ ಕಪ್ಪುಪಟ್ಟಿ ಕಟ್ಟಿಕೊಂಡು ಎಷ್ಟೋ ಮೌನ ಮೆರವಣಿಗೆಗಳಲ್ಲಿ ನಡೆದಿದ್ದೇನೆ. ಆ ಮೌನಕ್ಕೆಲ್ಲ ಎದುರಾಳಿ ಇದ್ದ. ಈ ಮೌನಕ್ಕೆ ಯಾರೂ ಇರಲಿಲ್ಲ. ಎರಡು ತಲೆಗಳು ಒಂದೇ ಕಾಣದ ವಸ್ತುವನ್ನು ಎರಡು ಕಡೆಯಿಂದ ಎತ್ತಲು ಹೊರಟಂತಿತ್ತು. ಉಸಿರು ಬಿಟ್ಟರೆ ಬಿದ್ದೀತು ಎಂದು ಉಸಿರು ಹಿಡಿದು ಕೂತೆ. ಬಿಸಿಲು ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿಯಿತು.

ಉತ್ತರ ಸಿಗಲಿಲ್ಲ. ಇಬ್ಬರೂ ಖುಷಿಯಾಗಿ ಎದ್ದರು.

"ಇವಳು ಯಾವಾಗ್ಲೂ ಹೀಗೇನಾ?" ಎಂದು ಸ್ಕೂಟರ್ ಒದೆಯುತ್ತಾ ಕೇಳಿದಳು ಪ್ರೊಫೆಸರ್.

"ಬಟ್ಟೆ ತರಕ್ಕೆ ಹೋದ್ರೂ ಹೀಗೇ," ಎಂದೆ.

ಜೂನ್ ೧೦, ಸೋಮವಾರ

ಓದುಮನೆಯ ಗೋಡೆಯ ಬಣ್ಣ ಬಿರುಕು ಬಿಟ್ಟಿದೆ. ಎಷ್ಟು ವರ್ಷದಿಂದ ಬಿಟ್ಟಿದೆಯೋ, ಇವತ್ತು ಕಂಡಿತು. ಇಲ್ಲೂ ಕೂಡುವುದು ಮೂರು ಮೂರೇ, ಆದರೆ ನೊರೆಯ ಹಾಗಲ್ಲ. ಒಂದು ಬಿರುಕು ತನ್ನ ಪಾಡಿಗೆ ನೆಟ್ಟಗೆ ಹೋಗುತ್ತಿರುತ್ತದೆ. ಇನ್ನೊಂದು ಬಂದು ಅದರ ಪಕ್ಕೆಗೆ ಗುದ್ದಿ ನಿಲ್ಲುತ್ತದೆ. ದಾಟುವುದೇ ಇಲ್ಲ. ದಾಟಿದ್ದು ಒಂದಾದರೂ ಇದೆಯೇ ಎಂದು ಕುರ್ಚಿ ಹತ್ತಿ ನೋಡಿದೆ. ಕಿಟಕಿಯ ಮೂಲೆಯಲ್ಲಿ ಒಂದಿದೆ ಅನಿಸುತ್ತದೆ, ಅದು ಬಿರುಕೋ ಜೇಡದ ನೂಲೋ ತಿಳಿಯುತ್ತಿಲ್ಲ.

ಡಿಪೋದಿಂದ ತಮ್ಮ ಫೋನು ಮಾಡಿದ್ದ. ಆಮೆಗೆ ಸೀಟು ಸಿಕ್ಕಿದೆ. ಪಟ್ಟಿಯಲ್ಲಿ ಕೊನೆಯಿಂದ ಎರಡನೆಯವಳು. ಮೆಟ್ಟಿಲ ಮೇಲಿನ ಉತ್ತರಕ್ಕೆ ಅಂಕ ಇರಲಿಲ್ಲ; ಒಳಗೆ ಯೋಚನೆ ಮಾಡುತ್ತಾ ಕೂತಿದ್ದಕ್ಕೇ ಹಾಕಿದ್ದರು ಎಂದಾಯಿತು. ಸುದ್ದಿ ಕೇಳಿ ಬಸ್ಸಿನ ಅಡಿಗೆ ನುಸುಳಿದವನು, ಜೊತೆಯವರು ಕರೆದರೂ ಬಹಳ ಹೊತ್ತು ಹೊರಗೆ ಬರಲಿಲ್ಲವಂತೆ. ರಿಪೇರಿ ಇತ್ತು ಎಂದ. ಸುಳ್ಳ. ಸುದ್ದಿ ಹೇಳಲು ಡಿಪೋಗೆ ಹೋಗಿದ್ದ ಹುಡುಗಿಯ ಕೈಗೆ ಫೋನು ಕೊಟ್ಟ. ಬಿರುಕು ಯಾಕೆ ದಾಟುವುದಿಲ್ಲ ಎಂದು ಕೇಳಿದೆ. ಅವಳು ಸುಮ್ಮನಾದಳು. ನಾನೂ ಸುಮ್ಮನೆ ಕಾದೆ. ಆ ಕಡೆ ಬಸ್ಸುಗಳ ಸದ್ದು ಕೇಳಿಸುತ್ತಿತ್ತು. "ಗೊತ್ತಿಲ್ಲ ಅತ್ತೆ. ಮೊದಲು ಯಾವುದು ಬಂತು, ಆಮೇಲೆ ಯಾವುದು ಬಂತು ಅಂತ ನೋಡಿ," ಎಂದಳು.

ಅದನ್ನೇ ನೋಡುತ್ತಿದ್ದೆ. ಸಂಘದವರು ಹೇಳಿ ಕಳಿಸಿದ್ದಂತೆ, ಬಣ್ಣ ಬಳಿಯುವವನು ಏಣಿ, ಡಬ್ಬಿ, ಕುಂಚ ಎಲ್ಲ ಹೊತ್ತು ತಂದು ನಿಂತ. ಗೋಡೆ ಕೆರೆದು ಇವತ್ತೇ ಮುಗಿಸಿಬಿಡುತ್ತೇನೆ ಎಂದ. ಮುಂದಿನ ವಾರ ಬಾ ಎಂದೆ.

"ಯಾಕಮ್ಮ? ಗೋಡೆ ಪೂರ್ತಿ ಹಾಳಾಗಿದೆ."

"ಇನ್ನೂ ನೋಡಿ ಮುಗಿದಿಲ್ಲ," ಎಂದೆ.